ಹಿತ್ತಾಳೆ ಕೊಳವೆ ಮೇಲೆ ಮರ: ಕೈಯಲ್ಲಿ ಪೆನ್ ಕಡೆಯೋದು, ಎಲ್ಲೆಲ್ಲಿ ಕೆಡುತ್ತೆ, ಯಾಕೆ

(ದೃಶ್ಯ: ಬೀಟೆ ಮರದ ಪೆನ್ನು. ಕ್ಯಾಮೆರಾ ನಿಬ್ ಪಕ್ಕಕ್ಕೆ. ಉದ್ದಕ್ಕೆ ಕೂದಲೆಳೆ ಬಿರುಕು.)

ನಮಸ್ಕಾರ. ಈ ಬಿರುಕು ನೋಡಿ. ಪಾಲಿಶ್ ಕನ್ನಡಿ ಥರ ಇದೆ, ಆಕಾರದಲ್ಲಿ ಒಂದು ಕೊಂಕಿಲ್ಲ, ಆದರೂ ಪೆನ್ನು ಸೀಳಿದೆ. ಇದಕ್ಕೆ ಮರ ತಿರುಗಿಸಿ ಕಡೆಯೋ ಯಂತ್ರ, ಅಂದ್ರೆ ಲೇತ್ ಮೇಲೆ ಎಷ್ಟು ಹುಷಾರಾಗಿ ಕಡೆದಿದ್ದರೂ ಪ್ರಯೋಜನ ಇರ್ತಿರಲಿಲ್ಲ. ಮರ ಸರಿಯಾಗಿ ಒಣಗಿರಲಿಲ್ಲ, ಅಷ್ಟೇ. ಪೆನ್ ಕಡೆಯೋದರಲ್ಲಿ ಕೆಡೋದೆಲ್ಲ ಹೆಚ್ಚುಕಮ್ಮಿ ಉಳಿ ಹಿಡಿಯೋಕೆ ಮುಂಚೇನೇ ಕೆಟ್ಟಿರುತ್ತೆ. ಹಾಗಾಗಿ ಈ ವಿಡಿಯೋದಲ್ಲಿ ಕಡೆಯೋದಕ್ಕಿಂತ ಅದರ ಹಿಂದಿನ ಕೆಲಸಕ್ಕೇ ಜಾಸ್ತಿ ಹೊತ್ತು ಕೊಡ್ತೀವಿ.

(ದೃಶ್ಯ: ಸ್ಲಿಮ್‌ಲೈನ್ ಕಿಟ್‌ನ ಭಾಗಗಳು ಬಿಳಿ ಬಟ್ಟೆ ಮೇಲೆ ಬಿಡಿಬಿಡಿಯಾಗಿ.)

ಶುರು ಮಾಡೋರಿಗೆ ಸ್ಲಿಮ್‌ಲೈನ್ ಅನ್ನೋ ತೆಳು ಬಾಲ್ ಪೆನ್ನಿನ ಕಿಟ್ ಸಾಕು. ಇದರಲ್ಲಿ ಎರಡು ಹಿತ್ತಾಳೆ ಕೊಳವೆ, ನಿಬ್, ರೀಫಿಲ್ಲನ್ನ ಮುಂದೆ ಹಿಂದೆ ತಿರುಗಿಸೋ ಟ್ರಾನ್ಸ್‌ಮಿಷನ್, ನಡುವಿನ ಉಂಗುರ, ಕ್ಲಿಪ್, ತಲೆ ಮೇಲಿನ ಟೋಪಿ, ಒಂದು ರೀಫಿಲ್ ಇರುತ್ತೆ. ಕೊಳವೆಯ ಹೊರ ಅಳತೆ 7 ಮಿ.ಮೀ. ನಿಬ್ ಕೂರೋ ತುದಿಯಲ್ಲಿ ಪೆನ್ನಿನ ಒಟ್ಟು ದಪ್ಪ ಸುಮಾರು 8.4 ಮಿ.ಮೀ. ಲೆಕ್ಕ ಹಾಕಿ: ಕೊಳವೆಯ ಸುತ್ತ ಉಳಿಯೋ ಮರ 0.7 ಮಿ.ಮೀ. ಎಟಿಎಂ ಕಾರ್ಡಿನಷ್ಟು ದಪ್ಪವೂ ಇಲ್ಲ. ಮರ ಒಣಗ್ತಾ ಕುಗ್ಗುತ್ತೆ, ಒಳಗಿರೋ ಹಿತ್ತಾಳೆ ಕುಗ್ಗಲ್ಲ. ಅಷ್ಟು ತೆಳ್ಳಗಿನ ಮರಕ್ಕೆ ಸೀಳದೆ ಬೇರೆ ದಾರಿ ಇಲ್ಲ.

ಹಾಗಾದ್ರೆ ಎಂಥ ಮರ ಬೇಕು? ತೇವಾಂಶ ಶೇಕಡಾ 8ರಿಂದ 10ರ ಒಳಗಿರಬೇಕು. ಮೀಟರ್ ಇಲ್ಲದಿದ್ದರೆ ತಕ್ಕಡಿ ಸಾಕು. ಒಂದು ತುಂಡಿನ ಅಳತೆ 19 ಮಿ.ಮೀ. ಚೌಕ, 125 ಮಿ.ಮೀ. ಉದ್ದ. ತೂಕ ನಲವತ್ತು ಗ್ರಾಂ ಆಸುಪಾಸು, ಒಂದೇ ತುಂಡನ್ನ ತೂಗಿದ್ರೆ ವ್ಯತ್ಯಾಸ ಗೊತ್ತಾಗಲ್ಲ. ಹತ್ತು ತುಂಡು ಕಟ್ಟಿ ವಾರಕ್ಕೊಂದು ಸಲ ತೂಗಿ, ಬರೆದಿಡಿ. ತೂಕ ಇಳಿಯೋದು ನಿಂತ ಮೇಲೆ ಮುಟ್ಟಿ. ನಮ್ಮ ಮೈಸೂರು, ಮಂಡ್ಯ ಕಡೆ ಆಗಸ್ಟ್‌ನಲ್ಲಿ ಒಣಗಿದೆ ಅನ್ನಿಸೋ ಮರ ಏಪ್ರಿಲ್ ಬಿಸಿಲಿಗೆ ಮತ್ತೆ ಕುಗ್ಗುತ್ತೆ. ಮಳೆಗಾಲದಲ್ಲಿ ತೂಗಿದ ಲೆಕ್ಕವನ್ನ ಪೂರ್ತಿ ನಂಬಬೇಡಿ.

ಹಳೇ ಮರ ಸಿಕ್ಕಿದ್ರೆ ಇನ್ನೂ ಒಳ್ಳೇದು. ಕೆಡವಿದ ಮನೆಯ ತೇಗದ ಬಾಗಿಲು, ಮೂಲೆಗೆ ಬಿದ್ದ ಎತ್ತಿನ ಗಾಡಿಯ ಕರಿಜಾಲಿ ಚಕ್ರ, ಇವೆಲ್ಲ ಎಂದೋ ಒಣಗಿ ನಿಂತಿರುತ್ತವೆ. ಮೊಳೆ ಇದೆಯಾ ಅಂತ ಆಯಸ್ಕಾಂತ ಹಿಡಿದು ನೋಡಿ, ಆಮೇಲೆ ಗರಗಸ ಹಾಕಿ. ಹಲಸು ಕಡೆಯೋಕೆ ಸುಲಭ, ಮೊದಲು ಹಳದಿ, ವರ್ಷ ಕಳೆದಂತೆ ಕಂದಾಗುತ್ತೆ. ಚನ್ನಪಟ್ಟಣದ ಗೊಂಬೆಗೆ ಹಾಕೋ ಹಾಲೆ ಮರ ಬೆಳ್ಳಗೆ, ನಯವಾಗಿ ಬರುತ್ತೆ.

ಬೀಟೆ ವಿಚಾರ ಬೇರೆ. ಮೈಸೂರಿನ ಬೀಟೆ ಕೆತ್ತನೆ ಜಗತ್ತಿಗೇ ಗೊತ್ತು, ಆ ಕೆಲಸದ ಚೂರುಪಾರು ಪೆನ್ನಿಗೆ ಬೇಕಾದಷ್ಟಾಗುತ್ತೆ. ಆದರೆ ಎಲ್ಲೇ ತಗೊಂಡ್ರೂ ಬಿಲ್ ಇಟ್ಕೊಳ್ಳಿ. 2017ರಿಂದ ಬೀಟೆ ಸೇರಿದ ಇಡೀ ಡಾಲ್ಬರ್ಜಿಯಾ ಕುಲ, ಅಳಿವಿನ ಭಯ ಇರೋ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್ ಪಟ್ಟಿಯಲ್ಲಿದೆ, ಹೊರದೇಶಕ್ಕೆ ಪೆನ್ ಕಳಿಸೋ ಮುಂಚೆ ನಿಯಮ ನೋಡ್ಕೊಳ್ಳಿ. ಶ್ರೀಗಂಧದ ತುಂಡನ್ನ ಕಾಗದಪತ್ರ ಇಲ್ಲದೆ ಯಾರೇ ಕೊಟ್ಟರೂ ತಗೋಬೇಡಿ. ಇನ್ನೊಂದು ಮಾತು, ಬೀಟೆಯ ಪುಡಿ ಕೆಲವರಿಗೆ ಚರ್ಮದ ತುರಿಕೆ, ಉಬ್ಬಸ ತರುತ್ತೆ. ಎನ್95 ಮಾಸ್ಕ್ ಹಾಕದೆ ಉಜ್ಜಬೇಡಿ.

(ದೃಶ್ಯ: ತುಂಡಿನ ಮೇಲೆ ಪೆನ್ಸಿಲ್ ಗೆರೆ, ಗರಗಸ.)

ಕತ್ತರಿಸೋ ಮುಂಚೆ ತುಂಡಿನ ಮಧ್ಯಕ್ಕೆ ಅಡ್ಡಲಾಗಿ ಒಂದು ಓರೆ ಗೆರೆ ಎಳೀರಿ. ಎರಡು ಭಾಗ ಆದ ಮೇಲೆ ಯಾವ ತುದಿಗೆ ಯಾವ ತುದಿ ಇಟ್ಟರೆ ಮರದ ಎಳೆ ಕೂಡುತ್ತೆ ಅಂತ ಗೊತ್ತಾಗೋದು ಈ ಗೆರೆಯಿಂದಲೇ. ಕೊಳವೆ ಸುಮಾರು 53 ಮಿ.ಮೀ. ಉದ್ದ ಇದ್ದರೆ ಮರ 57ಕ್ಕೆ ಕತ್ತರಿಸಿ.

ಈಗ ತೂತು. ಲೇತ್‌ನ ಚಕ್ ಅನ್ನೋ ಹಿಡಿತದಲ್ಲೇ ತುಂಡು ಸಿಕ್ಕಿಸಿ ಕೊರೆದರೆ ನೇರ ಬರುತ್ತೆ. ಮೊದಲು ಸೆಂಟರ್ ಡ್ರಿಲ್‌ನಿಂದ ಗುಂಡಿ ಮಾಡಿ, ಇಲ್ಲಾಂದ್ರೆ ಬಿಟ್ ಮರದ ಎಳೆ ಹಿಡಿದು ಪಕ್ಕಕ್ಕೆ ಹೋಗುತ್ತೆ. 7 ಮಿ.ಮೀ. ಬಿಟ್, ಮರಕ್ಕೆ ನಿಮಿಷಕ್ಕೆ ಸಾವಿರ ಸುತ್ತು ಸಾಕು, ಮರದ ಬದಲು ಪ್ಲಾಸ್ಟಿಕ್ ಥರದ ರೆಸಿನ್ ತುಂಡಾದ್ರೆ ಐನೂರು. ಪ್ರತಿ 8-10 ಮಿ.ಮೀ.ಗೆ ಬಿಟ್ ಹೊರಗೆ ತೆಗೆದು ಪುಡಿ ಕೊಡವಿ. ಹಾಗೇ ಒತ್ತುತ್ತಾ ಹೋದ್ರೆ ಏನಾಗುತ್ತೆ? ಮರ ಸುಟ್ಟು ಒಳಗೇ ಬಿರುಕು ಬಿಡುತ್ತೆ. ರೆಸಿನ್ ಆದ್ರೆ ಕರಗಿ ಬಿಟ್‌ಗೆ ಅಂಟಿಕೊಳ್ಳುತ್ತೆ, ತಣ್ಣಗಾದ ಮೇಲೆ ತೂತು ಚಿಕ್ಕದಾಗಿ ಕೊಳವೆ ಒಳಗೆ ಹೋಗಲ್ಲ. ರೆಸಿನ್ ಕೊರೆಯುವಾಗ ಒಂದೆರಡು ಹನಿ ಸೋಪು ನೀರು ಬಿಡ್ತಾ ಇರಿ.

ಬಿಟ್ ಆಚೆ ಕಡೆ ಹೊರಗೆ ಬರೋ ಕ್ಷಣದಲ್ಲಿ ತುದಿ ಚೂರಾಗಿ ಸಿಡಿಯುತ್ತೆ. ಇದಕ್ಕೆ ಒಂದು ಉಪಾಯ ಇದೆ. ತುಂಡನ್ನ ಇನ್ನೂ ಸ್ವಲ್ಪ ಉದ್ದ ಇಟ್ಟು, ಆಚೆ ತಲುಪೋ ಮುಂಚೆ ನಿಲ್ಲಿಸಿ. ಆಮೇಲೆ ಆ ತುದಿಯನ್ನ ಗರಗಸದಲ್ಲಿ ಕೊಯ್ದರೆ ತೂತು ತಾನಾಗಿ ತೆರೆದುಕೊಳ್ಳುತ್ತೆ. ಬೆಲೆಬಾಳೋ ರೆಸಿನ್ ತುಂಡಿಗೆ ಇದನ್ನ ಬಿಡದೆ ಮಾಡಿ.

ಅಂಟು. ಹಿತ್ತಾಳೆ ಕೊಳವೆ ಹೊಳೀತಾ ಇದ್ದರೆ ಅಂಟು ಹಿಡಿಯಲ್ಲ, 150 ನಂಬರ್ ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಮಂಕು ಮಾಡಿ. ಕೊಳವೆಯ ಬಾಯಿಗೆ ಆಲೂಗಡ್ಡೆ ಬಿಲ್ಲೆ ಒತ್ತಿ ಮುಚ್ಚಿ, ಒಳಗೆ ಅಂಟು ಹೋಗಬಾರದು. ಬೀಟೆಯಂಥ ಎಣ್ಣೆ ಅಂಶದ ಮರ ಆದ್ರೆ ತೂತಿನ ಒಳಗೆ ಅಸಿಟೋನ್ ಒರೆಸಿ ಒಣಗಿಸಿ. ಸೂಪರ್ ಗ್ಲೂ ಬೇಗ ಹಿಡಿಯುತ್ತೆ ನಿಜ, ಆದರೆ ಕೊಳವೆ ಅರ್ಧ ಹೋಗಿರುವಾಗಲೇ ಹಿಡಿದುಬಿಟ್ಟರೆ ತುಂಡೇ ದಂಡ. ನಮ್ಮ ಆಯ್ಕೆ ಎರಡು ಟ್ಯೂಬ್ ಬೆರೆಸೋ ಎಪಾಕ್ಸಿ, ಅಂದ್ರೆ ಆರಾಲ್ಡೈಟ್ ಥರದ್ದು. ಕೊಳವೆಗೂ ಹಚ್ಚಿ, ತೂತಿನ ಒಳಗೂ ಹಚ್ಚಿ, ತಿರುಗಿಸ್ತಾ ತಿರುಗಿಸ್ತಾ ಒಳಗೆ ತಳ್ಳಿ. ರಾತ್ರಿಯಿಡೀ ಬಿಡಿ. ಒಳಗೆ ಎಲ್ಲಾದ್ರೂ ಅಂಟಿಲ್ಲದ ಪೊಳ್ಳು ಉಳಿದರೆ, ಮುಂದೆ ಉಳಿ ಅಲ್ಲಿಗೆ ಬಂದಾಗ ಮರ ಹಾರಿಹೋಗುತ್ತೆ. ಎಲ್ಲರೂ ಉಳಿಯನ್ನ ಬೈತಾರೆ, ತಪ್ಪಿರೋದು ಅಂಟಿನಲ್ಲಿ.

(ದೃಶ್ಯ: ಬ್ಯಾರೆಲ್ ಟ್ರಿಮ್ಮರ್ ತುದಿಯನ್ನ ಸವೆಸ್ತಾ ಇದೆ. ಹಿತ್ತಾಳೆಯ ಅಂಚು ಹೊಳೆಯೋವರೆಗೆ ಹತ್ತಿರದ ಶಾಟ್.)

ತುದಿ ಚಪ್ಪಟೆ ಮಾಡೋದು ಬ್ಯಾರೆಲ್ ಟ್ರಿಮ್ಮರ್‌ನ ಕೆಲಸ. ಮೊದಲು ಕೊಳವೆಯೊಳಗೆ ಅಂಟು ಒಣಗಿದೆಯಾ ನೋಡಿ, ಗುಂಡು ಅರದಲ್ಲಿ ಕೆರೆದು ತೆಗೆಯಿರಿ. ಟ್ರಿಮ್ಮರ್‌ನ ಕಡ್ಡಿ ಕೊಳವೆಯೊಳಗೆ ಹೋಗಿ ಲಂಬವಾಗಿ ನಿಂತರೇನೇ ತುದಿ ನೇರ ಬರೋದು. ಹಿತ್ತಾಳೆ ಉಂಗುರದ ಹಾಗೆ ಸುತ್ತಲೂ ಹೊಳೆದ ತಕ್ಷಣ ನಿಲ್ಲಿಸಿ. ಇನ್ನೂ ಸವೆಸಿದ್ರೆ ಕೊಳವೆ ಗಿಡ್ಡ ಆಗಿ ಕೊನೆಗೆ ರೀಫಿಲ್ ಒಳಗೆ ಹೋಗಲ್ಲ. ಒಂದು ಪಕ್ಕ ಮಾತ್ರ ಹೊಳೆದಿದ್ರೆ ಅದು ಓರೆಯಾಗಿದೆ ಅಂತ ಅರ್ಥ, ಪೆನ್ ಜೋಡಿಸಿದಾಗ ಉಂಗುರದ ಪಕ್ಕ ಸಂದಿ ಬಿಟ್ಟುಕೊಳ್ಳುತ್ತೆ.

ಇನ್ನು ಕಡೆಯೋದು. ಮ್ಯಾಂಡ್ರೆಲ್ ಅನ್ನೋ ಕಡ್ಡಿ ಮೇಲೆ ಬುಷ್, ತುಂಡು, ಬುಷ್, ತುಂಡು, ಬುಷ್ ಅಂತ ಪೋಣಿಸಿ. ಬುಷ್ ಅಂದ್ರೆ ಪೆನ್ ಎಷ್ಟು ದಪ್ಪಕ್ಕೆ ಬರಬೇಕು ಅಂತ ತೋರಿಸೋ ಉಕ್ಕಿನ ಉಂಗುರ. ಮಿನಿ ಲೇತ್‌ಗಳಲ್ಲಿ ಮ್ಯಾಂಡ್ರೆಲ್ ಕೂರೋ ತೂತು ಎಂಟಿ1, ಎಂಟಿ2 ಅಂತ ಎರಡು ಅಳತೆಯಲ್ಲಿದೆ, ಮ್ಯಾಂಡ್ರೆಲ್ ಕೊಳ್ಳೋ ಮುಂಚೆ ನಿಮ್ಮದು ಯಾವುದು ನೋಡಿ. ಕಡ್ಡಿಯ ಇನ್ನೊಂದು ತುದಿಗೆ ಆನಿಸೋ, ಜೊತೆಗೇ ತಿರುಗೋ ಮೊನೆ, ಅಂದ್ರೆ ಲೈವ್ ಸೆಂಟರ್, 60 ಡಿಗ್ರಿಯದಾಗಿರಬೇಕು. ನಟ್ಟನ್ನ ಬೆರಳಲ್ಲಿ ಬಿಗಿ ಮಾಡಿದ್ರೆ ಸಾಕು. ಆ ಮೊನೆ ಕೂರೋ ಹಿಂಬದಿ ಭಾಗ, ಅಂದ್ರೆ ಟೇಲ್‌ಸ್ಟಾಕ್, ಜೋರಾಗಿ ಒತ್ತಿದ್ರೆ ಕಡ್ಡಿ ಬಿಲ್ಲಿನ ಹಾಗೆ ಬಾಗುತ್ತೆ, ಆಗ ಪೆನ್ನು ಗುಂಡಗೆ ಬರಲ್ಲ. ಒಂದು ಪಕ್ಕ ಮರ ಬುಷ್‌ಗಿಂತ ಎತ್ತರ, ಎದುರು ಪಕ್ಕ ತಗ್ಗು. ಆ ಥರ ಕಂಡ ತಕ್ಷಣ ಇದನ್ನೇ ಮೊದಲು ಪರೀಕ್ಷೆ ಮಾಡಿ.

ಲೇತ್ ಹತ್ತಿರ ಗ್ಲೌಸ್ ಬೇಡ. ವೇಲ್, ಬಳೆ, ಬಿಟ್ಟ ಕೂದಲು, ತುಂಬು ತೋಳು ಯಾವುದೂ ಬೇಡ. ಮುಖಕ್ಕೆ ಶೀಲ್ಡ್ ಬೇಕೇ ಬೇಕು. ಸ್ವಿಚ್ ಹಾಕೋ ಮುಂಚೆ ಒಂದು ಸುತ್ತು ಕೈಯಲ್ಲಿ ತಿರುಗಿಸಿ, ಉಳಿ ಆನಿಸೋ ಟೂಲ್ ರೆಸ್ಟ್‌ಗೆ ತಗುಲುತ್ತಾ ನೋಡಿ.

ಚೌಕ ಗುಂಡಗಾಗೋವರೆಗೆ 1500 ಸುತ್ತು, ಆಮೇಲೆ 2500. ರಫಿಂಗ್ ಗೌಜ್ ಅನ್ನೋ ಬಾಗಿದ ಉಳಿಯಿಂದ ಗುಂಡು ಮಾಡಿ, ಓರೆ ಬಾಯಿಯ ಸ್ಕ್ಯೂ ಉಳಿಯಿಂದ ನಯ ಮಾಡಿ. ಬುಷ್‌ಗಿಂತ 0.3 ಮಿ.ಮೀ. ದಪ್ಪ ಉಳಿಸಿ, ಉಳಿದದ್ದು ಸ್ಯಾಂಡ್ ಪೇಪರ್‌ಗೆ. ಅಂದಾಜು ಬೇಡ, ಕ್ಯಾಲಿಪರ್ ಹಿಡೀರಿ. ರೆಸಿನ್ ಉದ್ದನೆ ರಿಬ್ಬನ್ ಆಗಿ ಬಂದ್ರೆ ಉಳಿ ಹರಿತವಾಗಿದೆ ಅಂತ. ಬಿಳೀ ಚೂರು ಚಟಚಟ ಸಿಡಿದ್ರೆ ನಿಲ್ಲಿಸಿ, ಸಾಣೆ ಹಿಡೀರಿ, ಇನ್ನೂ ತೆಳುವಾಗಿ ತೆಗೀರಿ. ಪಾಲಿಯೆಸ್ಟರ್ ರೆಸಿನ್ ಇದಕ್ಕೆ ಕುಖ್ಯಾತ, ಯುರೆಥೇನ್ ಅಷ್ಟು ಸಿಡಿಯಲ್ಲ.

(ದೃಶ್ಯ: ಸಿಲಿಕೋನ್ ಅಚ್ಚು, ಒಳಗೆ ಜರಿ ಅಂಚಿನ ರೇಷ್ಮೆ ಸುತ್ತಿದ ಕೊಳವೆ.)

ಮೈಸೂರು ರೇಷ್ಮೆಯ ಜರಿ ಅಂಚಿನ ತುಂಡು ಪೆನ್ನಿನೊಳಗೆ ಬರುತ್ತಾ ಅಂತ ತುಂಬಾ ಜನ ಕೇಳ್ತಾರೆ. ಬರುತ್ತೆ, ಸ್ಲಿಮ್‌ಲೈನ್‌ನಲ್ಲಿ ಬೇಡ. 0.7 ಮಿ.ಮೀ. ಒಳಗೆ ಬಟ್ಟೆಯೂ ಅದರ ಮೇಲೆ ರೆಸಿನ್ನೂ ಹಿಡಿಸಲ್ಲ, ಕಡೆಯುವಾಗ ಉಳಿ ಜರಿಗೇ ತಗುಲುತ್ತೆ. ಕೊಳವೆಯ ಸುತ್ತ ಇದಕ್ಕಿಂತ ದಪ್ಪ ಉಳಿಯೋ ಕಿಟ್ ಆರಿಸಿ. ಕೊಳವೆಗೆ ಮೊದಲು ಬಟ್ಟೆಯದೇ ಬಣ್ಣ ಹಚ್ಚಿ ಒಣಗಿಸಿ, ಇಲ್ಲದಿದ್ರೆ ಹಿತ್ತಾಳೆ ಇಣುಕುತ್ತೆ. ಆಮೇಲೆ ಬಟ್ಟೆ ಸುತ್ತಿ, ಕೂಡುವ ಜಾಗ ಕ್ಲಿಪ್ ಬರೋ ಕಡೆಗಿರಲಿ, ಪಾರದರ್ಶಕ ರೆಸಿನ್ ಸುರೀರಿ. ಬರೀ ಪಾರದರ್ಶಕ ರೆಸಿನ್ ತುಂಡು ಕೊಂಡರೂ ಇದೇ ನಿಯಮ: ಕೊಳವೆಗೂ ತೂತಿನ ಒಳಗೋಡೆಗೂ ಬಣ್ಣ.

ರೆಸಿನ್ ಬೆರೆಸೋ ಪ್ರಮಾಣ ಡಬ್ಬದ ಮೇಲಿರುತ್ತೆ, ಅದು ತೂಕದ ಲೆಕ್ಕವೋ ಅಳತೆಯ ಲೆಕ್ಕವೋ ಓದಿ. ಇದು ತಪ್ಪಿದ್ರೆ ವಾರ ಕಳೆದ್ರೂ ಅಂಟಂಟಾಗೇ ಇರುತ್ತೆ. ಗುಳ್ಳೆ ಹೋಗಬೇಕಾದ್ರೆ 40ರಿಂದ 60 ಪಿಎಸ್‌ಐ ಒತ್ತಡದಲ್ಲಿ ಗಟ್ಟಿಯಾಗಬೇಕು, ಅದಕ್ಕೆ ತಕ್ಕ ಪ್ರೆಶರ್ ಪಾಟ್ ಬೇಕು. ದಯವಿಟ್ಟು ಅಡುಗೆ ಕುಕ್ಕರ್‌ಗೆ ಕಂಪ್ರೆಸರ್ ಜೋಡಿಸಬೇಡಿ. ಅದು ಕೆಲಸ ಮಾಡೋದು 15 ಪಿಎಸ್‌ಐ ಆಸುಪಾಸಿನಲ್ಲಿ, 40 ಹಾಕಿದ್ರೆ ಒಡೆಯಬಹುದು, ಪ್ರಾಣಕ್ಕೇ ಅಪಾಯ.

ಉಜ್ಜೋದು: 150, 240, 320, 400, 600. ಪ್ರತಿ ನಂಬರ್ ಆದ ಮೇಲೆ ಲೇತ್ ನಿಲ್ಲಿಸಿ, ಮರದ ಎಳೆಯ ಉದ್ದಕ್ಕೆ ಕೈಯಲ್ಲಿ ಒಂದು ಸಲ ಉಜ್ಜಿ, ಸುತ್ತು ಗೀರು ಹೋಗುತ್ತೆ. ಹಾಲೆಯಂಥ ಬಿಳೀ ಮರ ಆದ್ರೆ ಹುಷಾರು, ಸ್ಯಾಂಡ್ ಪೇಪರ್ ಉಕ್ಕಿನ ಬುಷ್‌ಗೆ ತಾಗಿದ್ರೆ ಕಪ್ಪು ಪುಡಿ ಮರಕ್ಕೆ ಮೆತ್ತಿಕೊಳ್ಳುತ್ತೆ, ಆಮೇಲೆ ಬಿಡಲ್ಲ. ರೆಸಿನ್‌ಗೆ ಮೈಕ್ರೋಮೆಶ್ ಅನ್ನೋ ಅತಿ ನಯದ ಉಜ್ಜೋ ಹಾಳೆ, 1500ರಿಂದ 12000ದವರೆಗೆ, ನೀರು ಹಚ್ಚಿ.

ಹೊಳಪಿಗೆ ಎರಡು ದಾರಿ. ಗಟ್ಟಿ ಬೇಕಾದ್ರೆ ಸೂಪರ್ ಗ್ಲೂ: ತೆಳು ಅಂಟಿನ ಎರಡು ಲೇಪ, ಆಮೇಲೆ ಮಧ್ಯಮ ಅಂಟಿನ ಆರೇಳು ಲೇಪ, ಟಿಶ್ಯೂ ಪೇಪರ್‌ನಲ್ಲಿ. ಹತ್ತಿ ಬಟ್ಟೆ ಬೇಡವೇ ಬೇಡ. ಈ ಅಂಟು ಹತ್ತಿಗೆ ಸೋಕಿದ್ರೆ ಸುಡೋಷ್ಟು ಬಿಸಿಯಾಗಿ ಹೊಗೆ ಬರುತ್ತೆ. ಅಂಟು ಬೇಗ ಒಣಗಿಸೋ ಆಕ್ಸಿಲರೇಟರ್ ಜಾಸ್ತಿ ಹೊಡೆದ್ರೆ ಲೇಪ ಬೆಳ್ಳಗೆ ಮಂಜು ಕಟ್ಟುತ್ತೆ. ಕೊನೆಗೆ ಬುಷ್ ಪಕ್ಕ ಬ್ಲೇಡಿನಿಂದ ಸುತ್ತ ಗೀರು ಹಾಕಿ ಬಿಡಿಸಿ, ಎಳೆದರೆ ತುದಿಯ ಲೇಪ ಎದ್ದು ಬರುತ್ತೆ.

ಇನ್ನೊಂದು ನಮ್ಮ ನೆಲದ್ದೇ, ಅರಗು. ಚುನಾವಣೆಯ ಬೆರಳಿನ ಶಾಯಿ ಮಾಡೋ ಮೈಸೂರಿನ ಬಣ್ಣದ ಕಾರ್ಖಾನೆ 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಹುಟ್ಟಿದ್ದು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅನ್ನೋ ಹೆಸರಲ್ಲಿ, ಲ್ಯಾಕ್ ಅಂದ್ರೆ ಈ ಅರಗೇ. ಚನ್ನಪಟ್ಟಣದಲ್ಲಿ ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ ಹಚ್ಚುತ್ತಾರೆ. ಪೆನ್ನಿಗೂ ಅದು ಒಪ್ಪುತ್ತೆ, ಮರದ ಬಣ್ಣ ಸೂಪರ್ ಗ್ಲೂನಲ್ಲಿ ಸಿಗದಷ್ಟು ಬೆಚ್ಚಗೆ ಕಾಣುತ್ತೆ. ಆದರೆ ಬೆವರಿಗೆ ಬೇಗ ಸವೆಯುತ್ತೆ, ಸ್ಯಾನಿಟೈಜರ್ ಹಚ್ಚಿದ ಕೈಯಲ್ಲಿ ಹಿಡಿದರೆ ಕರಗುತ್ತೆ. ದಿನಾ ಜೇಬಲ್ಲಿರೋ ಪೆನ್ನಿಗೆ ಸೂಪರ್ ಗ್ಲೂ ಹಾಕಿ, ಮೇಜಿನ ಮೇಲಿರೋದಕ್ಕೆ ಅರಗು.

(ದೃಶ್ಯ: ಪೆನ್ ಪ್ರೆಸ್. ಟ್ರಾನ್ಸ್‌ಮಿಷನ್ ನಿಧಾನ ಒಳಗೆ.)

ಜೋಡಿಸೋದಕ್ಕೆ ಪೆನ್ ಪ್ರೆಸ್ ಇಲ್ಲದಿದ್ರೆ ಬೆಂಚ್ ವೈಸ್‌ನ ಬಾಯಿಗೆ ಮರದ ತುಂಡು ಕಟ್ಟಿ ಒತ್ತಿ. ಓರೆ ಕೂತರೆ ಸೀಳುತ್ತೆ, ಕೊಳವೆಯ ಬಾಯಲ್ಲಿ ಅಂಟು ಉಳಿದಿದ್ರೂ ಸೀಳುತ್ತೆ. ಮೊದಲು ಕೆಳಗಿನ ಭಾಗಕ್ಕೆ ನಿಬ್. ಅದರ ಇನ್ನೊಂದು ತುದಿಗೆ ಟ್ರಾನ್ಸ್‌ಮಿಷನ್, ಹಿತ್ತಾಳೆ ಕಡೆ ಒಳಕ್ಕೆ. ಸ್ವಲ್ಪ ಒತ್ತಿ, ರೀಫಿಲ್ ತಿರುಪಿ ಹಾಕಿ, ತಿರುಗಿಸಿ ನೋಡಿ. ತುದಿ ಇನ್ನೂ ಹೊರಗೆ ಬಂದಿಲ್ಲವಾ, ರೀಫಿಲ್ ತೆಗೆದು ಒಂದು ಮಿಲಿಮೀಟರ್ ಒತ್ತಿ, ಮತ್ತೆ ನೋಡಿ. ಜಾಸ್ತಿ ಒಳಗೆ ಹೋದ್ರೆ ರೀಫಿಲ್ ತುದಿ ಒಳಕ್ಕೆ ಸೇರೋದೇ ಇಲ್ಲ, ಆಮೇಲೆ ನಿಬ್ ಕಡೆಯಿಂದ ಕಡ್ಡಿ ಹಾಕಿ ಎಲ್ಲವನ್ನೂ ಬಡಿದು ತೆಗೀಬೇಕು. ಆಮೇಲೆ ಉಂಗುರ ಪೋಣಿಸಿ, ಮೇಲಿನ ಭಾಗಕ್ಕೆ ಕ್ಲಿಪ್ಪೂ ಟೋಪಿಯೂ ಒತ್ತಿ, ಮರದ ಎಳೆ ಕೂಡಿಸಿ ತಳ್ಳಿ.

ಪೆನ್ ಯಾರಿಗಾದ್ರೂ ಕೊಡೋದಾದ್ರೆ ರೀಫಿಲ್ ವಿಚಾರ ಹೇಳಿ ಕೊಡಿ. ಸ್ಲಿಮ್‌ಲೈನ್‌ಗೆ ಕೂರೋದು ಕ್ರಾಸ್ ಮಾದರಿ ಸಣ್ಣ ರೀಫಿಲ್, ಬೀದಿ ಅಂಗಡಿಯ ಸಾಮಾನ್ಯ ರೀಫಿಲ್ ಆಗಲ್ಲ. ಜೊತೆಗೆ ಎರಡು ಇಟ್ಟೇ ಕೊಡಿ. ಪಾರ್ಕರ್ ಮಾದರಿಯದು ಸುಲಭವಾಗಿ ಸಿಗುತ್ತೆ ಅನ್ನೋರು ಸಿಗಾರ್ ಅನ್ನೋ ದಪ್ಪ ಪೆನ್ನಿನ ಕಿಟ್ ತಗೊಳ್ಳಿ. ಅದಕ್ಕೆ 10 ಮಿ.ಮೀ. ಬಿಟ್ ಬೇಕು, ಬುಷ್‌ಗಳೂ ಬೇರೆ.