ಓದು ಬಾರದೆ ಓಡಾಟವೋ, ಓಡಾಟದಿಂದ ಓದು ಬಾರದೋ?

(ತೀರ್ಥಹಳ್ಳಿಯಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತು)

ಇಷ್ಟು ಮಳೆಯಲ್ಲೂ ಬಂದಿದ್ದೀರಿ, ಎಲ್ಲರಿಗೂ ನಮಸ್ಕಾರ.

ಮೇಷ್ಟ್ರಾಗಿದ್ದಾಗ ನಾನೇ ಮಾಡಿದ ತಪ್ಪಿನಿಂದ ಶುರು ಮಾಡುತ್ತೇನೆ. ನಾಲ್ಕನೇ ಕ್ಲಾಸಿನ ಹುಡುಗ, ಅಡಿಕೆ ಮನೆಯವನು. ಅಡಿಕೆಯ ಬಗೆಗಳನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಕಣ್ಣಲ್ಲೇ ಬೇರೆ ಮಾಡುತ್ತಿದ್ದ. ಓದು ಅಂದರೆ ಮಾತ್ರ ಪೆನ್ಸಿಲ್ ಬೀಳುತ್ತಿತ್ತು, ಬಾಯಾರಿಕೆ ಆಗುತ್ತಿತ್ತು. ‘ಕೂತಲ್ಲಿ ಕೂರಲ್ಲ’ ಅಂತ ಬೈದಿದ್ದೇ ಬೈದಿದ್ದು. ಒಂದು ದಿನ ಅವನ ಉಕ್ತಲೇಖನದ ಪುಸ್ತಕ ನಿಧಾನವಾಗಿ ನೋಡಿದೆ. ‘ಅಜ್ಜ’ ಇದ್ದಲ್ಲಿ ‘ಅಜ’. ‘ಪುಸ್ತಕ’ ಇದ್ದಲ್ಲಿ ‘ಪುತಕ’. ಒತ್ತಕ್ಷರ ಬಂದಲ್ಲೆಲ್ಲ ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತು. ಮನಸ್ಸಿಲ್ಲದವನು ಹಾಳೆ ತೂತಾಗುವಷ್ಟು ಉಜ್ಜುತ್ತಾನಾ?

ಬುದ್ಧಿ ಇದ್ದೂ ಅಕ್ಷರ ಓದಿ ಬರೆಯುವುದೇ ಕಷ್ಟವಾಗುವುದಕ್ಕೆ ಡಿಸ್ಲೆಕ್ಸಿಯಾ ಅನ್ನುತ್ತಾರೆ. ಕನ್ನಡವನ್ನು ಬರೆದಂತೆ ಓದುತ್ತೇವೆ, ಡಿಸ್ಲೆಕ್ಸಿಯಾ ಇಂಗ್ಲಿಷಿನವರ ಕಾಯಿಲೆ ಅನ್ನುವವರಿದ್ದಾರೆ. ಹಾಗಲ್ಲ. ಮೊದಲನೆಯದಾಗಿ ಅದು ಕಾಯಿಲೆಯೇ ಅಲ್ಲ. ಕನ್ನಡದಲ್ಲಿ ಅದು ತಪ್ಪು ಓದಿಗಿಂತ ನಿಧಾನದ ಓದಾಗಿ ಜಾಸ್ತಿ ಕಾಣುತ್ತದೆ. ಕಾಗುಣಿತ, ಒತ್ತು ಸೇರಿದರೆ ಗುರುತು ಹಿಡಿಯಬೇಕಾದ ರೂಪಗಳು ನೂರಾರು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಪಾಠವೆಲ್ಲ ಬಾಯಿಮಾತಿನಲ್ಲೇ ಆಗಿದ್ದರೆ ಶಾಲೆಗೇ ಅವನು ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ನನ್ನ ಕ್ಲಾಸಿನ ಆ ಹುಡುಗನೂ ಹಾಗೇ.

ಆದರೆ ವಿಷಯ ಇಷ್ಟು ಸಲೀಸಲ್ಲ. ಓದು ಕಷ್ಟವಾಗಿ ಚಡಪಡಿಸುವ ಮಕ್ಕಳಿದ್ದಾರೆ. ಗಮನವೇ ನಿಲ್ಲದೆ, ಅಂದರೆ ಎಡಿಎಚ್‌ಡಿಯಿಂದ, ಓದು ಹಿಂದೆ ಬಿದ್ದವರೂ ಇದ್ದಾರೆ. ಎರಡೂ ಇರುವವರು ನಾವು ಅಂದುಕೊಂಡಷ್ಟು ಅಪರೂಪವಲ್ಲ. ಪತ್ತೆ ಹೇಗೆ? ಓದು ಇಲ್ಲದ ಜಾಗದಲ್ಲಿ ಮಗುವನ್ನು ನೋಡಿ. ಅಜ್ಜಿ ಕಥೆ ಹೇಳುವಾಗ ಕೂರುತ್ತದಾ? ಕೇರಂನಲ್ಲಿ ತನ್ನ ಸರದಿಗೆ ಕಾಯುತ್ತದಾ? ಎಡಿಎಚ್‌ಡಿ ಆದರೆ ಶಾಲೆಯಲ್ಲಷ್ಟೇ ಅಲ್ಲ, ಮನೆಯಲ್ಲೋ ಆಟದಲ್ಲೋ ಕೂಡ ಕಾಣಬೇಕು. ಇನ್ನೊಂದು ಮಾತು: ಅದರ ಮಾತ್ರೆ ಗಮನ ನಿಲ್ಲಿಸಬಹುದು, ಒತ್ತಕ್ಷರ ಕಲಿಸುವುದಿಲ್ಲ. ಅದನ್ನು ಯಾರಾದರೂ ಪಕ್ಕ ಕೂತು ಕಲಿಸಲೇಬೇಕು.

ಅಕ್ಷರ ಸೊಟ್ಟ ಇರುವ ಮಗು ಶರ್ಟಿನ ಗುಂಡಿ ಹಾಕಲೂ ಒದ್ದಾಡುತ್ತದಾ ನೋಡಿ. ತೊಂದರೆ ಕೈಯ ಹಿಡಿತದ್ದಿರಬಹುದು. ಸೋಮವಾರ ಮಾತ್ರ ಹೊಟ್ಟೆನೋವು ಬಂದರೆ ಅದು ಭಯ ಇರಬಹುದು. ಮತ್ತೆ ನಮ್ಮ ಮಲೆನಾಡಿನ ಶೀತ! ಕಿವಿ ಸೋರುವ ಮಗುವಿಗೆ ‘ತ’ ‘ದ’ ಒಂದೇ ಥರ ಕೇಳಿದರೆ ಆಶ್ಚರ್ಯವಿಲ್ಲ. ಕಣ್ಣು, ಕಿವಿ ಪರೀಕ್ಷೆ ಮೊದಲು, ಹೆಸರಿಡುವುದು ಆಮೇಲೆ. ಮನೆಯಲ್ಲಿ ಉರ್ದುವೋ ಲಂಬಾಣಿಯೋ ಆಡುವ ಮಗು ಕನ್ನಡದಲ್ಲಿ ತಡವರಿಸಿದರೆ ಅದು ನ್ಯೂನತೆ ಅಲ್ಲ, ಹೊಸ ಭಾಷೆ ಅಷ್ಟೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಸೇರಿದೆ. ಅದರ ಪ್ರಮಾಣಪತ್ರ ಕೇಳಲು ಸಂಕೋಚ ಬೇಡ.

ತಪಾಸಣೆಗೆ ಹೋಗುವಾಗ ಮಗುವಿನ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಬೈಂಡ್ ಹಾಕಿದ ಚೆಂದದ್ದಲ್ಲ, ಹಾಳೆ ತೂತಾದದ್ದು.