ಕಣ್ಣಿನೊಳಗಿನ ಗುಳ್ಳೆ

ಕೇಳುಗರಿಗೆ ನಮಸ್ಕಾರ. ಕಣ್ಣಿನ ಒಳಪರದೆ, ಅಂದರೆ ರೆಟಿನಾ, ಕಳಚಿಕೊಂಡಾಗ ಶಸ್ತ್ರಚಿಕಿತ್ಸೆಯ ಕೊನೆಗೆ ಅದನ್ನು ಒತ್ತಿ ಹಿಡಿಯಲು ಕಣ್ಣಿಗೆ ಅನಿಲ ತುಂಬುವುದುಂಟು. ನಮ್ಮ ಆಪರೇಷನ್ ಥಿಯೇಟರಿನಲ್ಲಿ ಆ ಅನಿಲ ಬೆರೆಸಿಕೊಡುವ ಕೆಲಸ ನನ್ನದು.

ಹೆಚ್ಚು ಬಳಕೆಯಲ್ಲಿರುವುದು ಎರಡು. ಸಲ್ಫರ್ ಹೆಕ್ಸಾಫ್ಲೋರೈಡ್ ಸುಮಾರು ಎರಡು ವಾರದಲ್ಲಿ ಕರಗುತ್ತದೆ. ಪರ್‌ಫ್ಲೋರೋಪ್ರೊಪೇನ್ ಆರೆಂಟು ವಾರ ಉಳಿಯುತ್ತದೆ. ಸಿಲಿಂಡರಿನಲ್ಲಿರುವುದು ಶುದ್ಧ ಅನಿಲ. ಅದನ್ನೇ ಕಣ್ತುಂಬ ಬಿಟ್ಟರೆ ಅನಾಹುತ. ರಕ್ತದಲ್ಲಿರುವ ಸಾರಜನಕ ಗುಳ್ಳೆಯೊಳಕ್ಕೆ ಬೇಗ ನುಗ್ಗುತ್ತದೆ, ಒಳಗಿನ ಅನಿಲ ಅಷ್ಟು ಬೇಗ ಹೊರಬರುವುದಿಲ್ಲ. ಹಾಗಾಗಿ ಗುಳ್ಳೆ ಊದುತ್ತದೆ, ಮೊದಲನೆಯದು ಸುಮಾರು ಎರಡು ಪಟ್ಟು, ಎರಡನೆಯದು ನಾಲ್ಕು ಪಟ್ಟು. ಕಣ್ಣಿನ ಒಳಗಿನ ಜಾಗವೋ ಸುಮಾರು 4 ಮಿಲಿಲೀಟರ್! ಒತ್ತಡ ಏರಿ ರಕ್ತದ ಹರಿವೇ ನಿಂತರೆ ದೃಷ್ಟಿ ಹೋಗುತ್ತದೆ.

ಅದಕ್ಕೇ ಗಾಳಿ ಬೆರೆಸುತ್ತೇವೆ. 50 ಮಿಲಿಲೀಟರ್ ಸಿರಿಂಜಿಗೆ ಸಲ್ಫರ್ ಹೆಕ್ಸಾಫ್ಲೋರೈಡ್ 10, ಉಳಿದದ್ದು ಗಾಳಿ. ಅಲ್ಲಿಗೆ ಶೇಕಡ 20. ಪರ್‌ಫ್ಲೋರೋಪ್ರೊಪೇನ್ ಆದರೆ 7 ಸಾಕು, ಶೇಕಡ 14. ಅನಿಲ, ಗಾಳಿ ಎರಡೂ 0.22 ಮೈಕ್ರಾನ್ ಫಿಲ್ಟರಿನ ಮೂಲಕವೇ ಬರಬೇಕು. ಟ್ಯೂಬಿನಲ್ಲಿ ಹಳೆಯ ಗಾಳಿ ಕೂತಿರುತ್ತದೆ, ಆದ್ದರಿಂದ ಮೊದಲು ಎಳೆದದ್ದನ್ನು ಒಂದೆರಡು ಸಲ ಹೊರಬಿಡುತ್ತೇನೆ. ಮುಂಚೆಯೇ ತುಂಬಿಡುವುದಿಲ್ಲ, ಸರ್ಜನ್ ಕೇಳಿದಾಗಷ್ಟೆ. ಯಾವ ಅನಿಲ, ಎಷ್ಟು, ಎಷ್ಟು ಗಾಳಿ ಎಂದು ಗಟ್ಟಿಯಾಗಿ ಹೇಳುತ್ತೇನೆ, ಇನ್ನೊಬ್ಬರು ಸಿರಿಂಜ್ ನೋಡಿ ಅದನ್ನೇ ಮರಳಿ ಹೇಳಬೇಕು. ಎಷ್ಟೇ ಅವಸರವಿರಲಿ, ಇದನ್ನು ಬಿಡಲು ನಾನು ಒಪ್ಪುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ತುಂಬಿದ ಮೇಲೆ ಸಿರಿಂಜಿನಲ್ಲಿ ಏನಿದೆ ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಇನ್ನು ಮನೆಗೆ ಹೋಗುವವರಿಗೆ ಒಂದು ಮಾತು. ಎತ್ತರಕ್ಕೆ ಏರಿದಂತೆ ಹೊರಗಿನ ಒತ್ತಡ ಇಳಿದು ಗುಳ್ಳೆ ಹಿಗ್ಗುತ್ತದೆ. ವಿಮಾನ ಸಲ್ಲದು. ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಸಾವಿರ ಮೀಟರಿಗೂ ಮೇಲಿರುವ ಮಡಿಕೇರಿಗೆ ಘಾಟಿ ಹತ್ತುವವರೂ ವೈದ್ಯರನ್ನು ಕೇಳಿಯೇ ಹೊರಡಬೇಕು. ಹಲ್ಲು, ಮೂಳೆ, ಹೆರಿಗೆ, ಯಾವ ಚಿಕಿತ್ಸೆಗೇ ಹೋಗಲಿ, 'ಕಣ್ಣಲ್ಲಿ ಗ್ಯಾಸ್ ಇದೆ' ಎಂದು ಮೊದಲೇ ಹೇಳಿ. ಅರಿವಳಿಕೆಗೆ ಕೊಡುವ ನೈಟ್ರಸ್ ಆಕ್ಸೈಡ್ ಗುಳ್ಳೆಯೊಳಗೆ ಹೊಕ್ಕು ಕಣ್ಣನ್ನೇ ಕಳೆದ ಪ್ರಕರಣಗಳಿವೆ. ಆಪರೇಷನ್ ಆದ ಮೇಲೆ ಕೈಗೆ ಕಟ್ಟಿದ ಎಚ್ಚರಿಕೆಯ ಪಟ್ಟಿ ಅದಕ್ಕಾಗಿಯೇ ಇರುವುದು. ಸ್ನಾನಕ್ಕೆ ಅಡ್ಡಿಯೆಂದು ಬಿಚ್ಚಬೇಡಿ. ಗುಳ್ಳೆ ಪೂರ್ತಿ ಕರಗಿದೆ ಎಂದು ಕಣ್ಣಿನ ವೈದ್ಯರು ನೋಡಿ ಹೇಳುವ ತನಕ ಅದು ಕೈಯಲ್ಲೇ ಇರಲಿ. ನಮಸ್ಕಾರ.