ಗಿರಾಕಿಯ ವೆಬ್‌ಸೈಟ್ ಗಿರಾಕಿಯ ಹೆಸರಿನಲ್ಲೇ ಇರಲಿ

ಕೇಳುಗರಿಗೆಲ್ಲ ನಮಸ್ಕಾರ. ಗದಗ, ಹಾಸನ, ಕುಂದಾಪುರದಂಥ ಊರುಗಳಲ್ಲಿ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಅಂಗಡಿಗಳಿಗೆ, ಶಾಲೆಗಳಿಗೆ, ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಇವತ್ತಿನ ನನ್ನ ಮಾತು ಅವರಿಗೆ. ಅವರಿಂದ ಕೆಲಸ ಮಾಡಿಸಿಕೊಳ್ಳುವವರೂ ಒಂದು ಕಿವಿ ಇತ್ತ ಕೊಡಲಿ.

ವೆಬ್‌ಸೈಟ್ ಕಟ್ಟಿ ಆಯಿತು ಅಂದುಕೊಳ್ಳಿ. ಅದನ್ನು ಇಡಲು ಯಾವುದೋ ಸರ್ವರಿನಲ್ಲಿ, ಅಂದರೆ ಸದಾ ಇಂಟರ್ನೆಟ್ಟಿಗೆ ಜೋಡಿಸಿಟ್ಟ ಕಂಪ್ಯೂಟರಿನಲ್ಲಿ, ಜಾಗ ಬೇಕು, ಅದು ಹೋಸ್ಟಿಂಗ್. ಜನ ಟೈಪ್ ಮಾಡಲು ಒಂದು ಹೆಸರು ಬೇಕು, ಅದು ಡೊಮೇನ್. ಇವೆರಡನ್ನೂ ಕಟ್ಟಿಕೊಟ್ಟವರೇ ತಮ್ಮ ಖಾತೆಯಲ್ಲಿ ಇಟ್ಟುಕೊಂಡು ವರ್ಷ ವರ್ಷ ದುಡ್ಡು ಪಡೆಯಬೇಕೇ? ಬೇಡ. ಖಾತೆ ಗಿರಾಕಿಯ ಹೆಸರಿನಲ್ಲಿರಲಿ. ನಾನು ಹೇಳಬೇಕಾದ್ದು ಇದೊಂದೇ. ಮನೆ ಕಟ್ಟಿದ ಮೇಸ್ತ್ರಿ ಮನೆಯ ಪತ್ರವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಾನೆಯೇ?

ಆಸೆ ಎಲ್ಲಿಂದ ಹುಟ್ಟುತ್ತದೆ ಎಂದು ನನಗೆ ಗೊತ್ತಿದೆ. ಒಂದು ದೊಡ್ಡ ಹೋಸ್ಟಿಂಗ್ ಪ್ಲಾನ್ ಕೊಂಡು ಅದರಲ್ಲಿ 30 ಗಿರಾಕಿಗಳನ್ನು ಕೂರಿಸಿದರೆ, ತಲಾ 3,000 ರೂಪಾಯಿಯಂತೆ ವರ್ಷಕ್ಕೆ 90,000 ರೂಪಾಯಿ. ಕೆಲಸ ಇಲ್ಲದ ತಿಂಗಳಲ್ಲೂ ಮನೆ ನಡೆಯುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ 30 ಜನರ ವ್ಯಾಪಾರದ ಹೊಣೆ ನಿಮ್ಮೊಬ್ಬರ ತಲೆಯ ಮೇಲೆ ಬಂದು ಕೂತಿತು ಎಂಬುದು ಆ ಲೆಕ್ಕದಲ್ಲಿ ಇಲ್ಲ.

ಮಲೆನಾಡಿನ ಒಬ್ಬ ಹುಡುಗನ ಕಥೆ ಹೇಳುತ್ತೇನೆ, ನಾನು ಹೋದಲ್ಲೆಲ್ಲ ಹೇಳುವ ಕಥೆ. ಒಳ್ಳೆಯ ಕೆಲಸಗಾರ, ಯಾರಿಗೂ ಒಂದು ರೂಪಾಯಿ ಮೋಸ ಮಾಡಿದವನಲ್ಲ. ಅವನ ಒಂದೇ ಖಾತೆಯಲ್ಲಿ ಜವಳಿ ಅಂಗಡಿ, ಖಾಸಗಿ ಕಾಲೇಜು, ಅಡಿಕೆ ಮಂಡಿ, ಒಂದು ಹೋಂಸ್ಟೇ, ಇನ್ನೂ ಹಲವು ವೆಬ್‌ಸೈಟುಗಳಿದ್ದವು. ಕಾಲೇಜಿನ ಸೈಟಿನಲ್ಲಿ ಒಂದು ಹಳೆಯ ಪ್ಲಗಿನ್, ಅಂದರೆ ಸೈಟಿಗೆ ಸೇರಿಸುವ ಸಣ್ಣ ತಂತ್ರಾಂಶ, ಇತ್ತು, ಅಪ್‌ಡೇಟ್ ಆಗಿರಲಿಲ್ಲ. ಅದರ ಮೂಲಕ ಯಾರೋ ಒಳಗೆ ನುಗ್ಗಿ ರಾತ್ರಿಯಿಡೀ ಸ್ಪ್ಯಾಮ್ ಮೇಲ್ ಕಳಿಸಿದರು. ಹೋಸ್ಟಿಂಗ್ ಕಂಪನಿಯವರು ಬೆಳಗಿನ ಜಾವ ಖಾತೆಯನ್ನೇ ನಿಲ್ಲಿಸಿದರು. ಕಾಲೇಜಿನದೊಂದನ್ನೇ ನಿಲ್ಲಿಸಬಹುದಿತ್ತಲ್ಲ ಎನ್ನಬೇಡಿ, ಅವರ ಪಾಲಿಗೆ ಇದ್ದದ್ದು ಒಂದೇ ಖಾತೆ, ಒಬ್ಬನೇ ಗಿರಾಕಿ. ಮಂಡಿಯೂ ಹೋಯಿತು, ಜವಳಿ ಅಂಗಡಿಯೂ ಹೋಯಿತು.

ಅವತ್ತು ಆ ಹುಡುಗನ ತಂಗಿಯ ಮದುವೆ. ಫೋನು ಯಾವುದೋ ಚೀಲದಲ್ಲಿ. ಇತ್ತ ದೀಪಾವಳಿ ರಜೆ ಹತ್ತಿರ ಬಂದಿತ್ತು, ಹೋಂಸ್ಟೇಗೆ ವರ್ಷದಲ್ಲೇ ಹೆಚ್ಚು ಬುಕಿಂಗ್ ಬರುವ ಕಾಲ. ಅದನ್ನು ನಡೆಸುವ ಹೆಣ್ಣುಮಗಳು ಹುಡುಗನಿಗೆ ಫೋನ್ ಮಾಡಿ ಮಾಡಿ ಸಾಕಾಗಿ, ಹೋಸ್ಟಿಂಗ್ ಕಂಪನಿಯ ನಂಬರ್ ಹುಡುಕಿ ನೇರವಾಗಿ ಅಲ್ಲಿಗೇ ಮಾಡಿದರು. ಅತ್ತಲಿನವರು ವಿನಯದಿಂದಲೇ ಹೇಳಿದರು, "ಮೇಡಂ, ನಿಮ್ಮ ಹೆಸರಿನಲ್ಲಿ ನಮ್ಮಲ್ಲಿ ಯಾವ ಖಾತೆಯೂ ಇಲ್ಲ."

ಪ್ರತಿ ವರ್ಷ ತಪ್ಪದೆ ದುಡ್ಡು ಕಟ್ಟಿದ್ದಾರೆ. ಇನ್ನೂ ಎಷ್ಟು ಬೇಕಾದರೂ ಕಟ್ಟಲು ತಯಾರಿದ್ದಾರೆ. ಆದರೂ ಅವರಿಗೆ ಒಂದು ಪ್ರಶ್ನೆ ಕೇಳುವ ಅಧಿಕಾರವೂ ಇಲ್ಲ! ಬುಕಿಂಗ್ ಬರುವ ಇಮೇಲ್ ಕೂಡ ಅದೇ ಖಾತೆಯಲ್ಲಿದ್ದದ್ದರಿಂದ ಯಾರು ಬರುತ್ತಾರೆ, ಯಾರು ಮುಂಗಡ ಕೊಟ್ಟಿದ್ದಾರೆ ಎಂದು ತಿಳಿಯುವ ದಾರಿಯೂ ಮುಚ್ಚಿತ್ತು. ಹುಡುಗ ಮದುವೆ ಮನೆಯಿಂದಲೇ ಬ್ಯಾಕಪ್‌ಗಾಗಿ, ಅಂದರೆ ಸೈಟುಗಳ ಕಾಪಿಟ್ಟ ಪ್ರತಿಗಾಗಿ, ತಡಕಾಡಿದ. ಬ್ಯಾಕಪ್ ಇದ್ದದ್ದು ಅದೇ ಖಾತೆಯೊಳಗೆ. ಎಲ್ಲ ಶುಚಿ ಮಾಡಿ, ಕಂಪನಿಯವರನ್ನು ಒಪ್ಪಿಸಿ, ಸೈಟುಗಳು ಮತ್ತೆ ತೆರೆಯುವ ಹೊತ್ತಿಗೆ ಹಬ್ಬ ಮುಗಿದಿತ್ತು. ಆಮೇಲೆ ಆ ತಾಯಿ ಕೇಳಿದ್ದನ್ನು ಅವನೇ ನನಗೆ ಹೇಳಿದ: "ತಮ್ಮಾ, ಹೋಂಸ್ಟೇ ನಂದು, ಫೋಟೋ ನಂದು, ದುಡ್ಡು ನಂದು. ಪಾಸ್‌ವರ್ಡ್ ಮಾತ್ರ ನಿನ್ನ ಹತ್ರ ಯಾಕೆ?"

ಇದಕ್ಕೆ ಅವನ ಬಳಿ ಉತ್ತರ ಇರಲಿಲ್ಲ. ನಿಮ್ಮ ಬಳಿ ಇದೆಯೇ? ಖಾತೆ ಅವರ ಹೆಸರಿನಲ್ಲಿದ್ದಿದ್ದರೆ ಕಾಲೇಜಿನ ಸೈಟು ಕಾಲೇಜಿನ ಖಾತೆಯಲ್ಲೇ ಕೆಡುತ್ತಿತ್ತು, ಹೋಂಸ್ಟೇ ನಡೆಯುತ್ತಿತ್ತು, ಹುಡುಗ ತಂಗಿಯ ಧಾರೆಯ ಹೊತ್ತಿನಲ್ಲಿ ಮಂಟಪದ ಪಕ್ಕದಲ್ಲಿರುತ್ತಿದ್ದ.

ದೊಡ್ಡ ಕಂಪನಿಗಳಿಗೂ ಅನಾಹುತ ತಪ್ಪಿದ್ದಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಐದು ಅಂತಸ್ತಿನ ಡೇಟಾ ಸೆಂಟರ್, ಅಂದರೆ ಸರ್ವರುಗಳನ್ನು ಇಟ್ಟ ಕಟ್ಟಡ, ಬೆಂಕಿಗೆ ಆಹುತಿಯಾಯಿತು. 36 ಲಕ್ಷದಷ್ಟು ವೆಬ್‌ಸೈಟುಗಳು ನಿಂತವು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದವರಿಗೆ ಎರಡೂ ಸಿಗಲಿಲ್ಲ. ಅಂಥ ಬೆಳಿಗ್ಗೆ ಗಿರಾಕಿ ಬೈಯುವುದು ಯಾರನ್ನು? ಫ್ರಾನ್ಸಿನವರನ್ನಲ್ಲ. ಬಿಲ್ಲಿನಲ್ಲಿ ಹೆಸರು ಯಾರದಿದೆಯೋ ಅವರನ್ನು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ, ವೆಬ್ ಹೋಸ್ಟಿಂಗ್ ಸೇವೆ ಕೊಡುವವರನ್ನು ಹೆಸರು ಹೇಳಿಯೇ ಮಧ್ಯವರ್ತಿಗಳ, ಅಂದರೆ ಬೇರೆಯವರ ಮಾಹಿತಿಯನ್ನು ಇಟ್ಟುಕೊಡುವವರ, ಸಾಲಿಗೆ ಸೇರಿಸಿದೆ. ಹೋಸ್ಟಿಂಗ್ ಮಾರತೊಡಗಿದರೆ ನೀವೂ ಆ ಸಾಲಿಗೆ ಬರಬಹುದು. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ, ಸೈಬರ್ ದಾಳಿಯ ವಿಷಯ ಗೊತ್ತಾದ 6 ಗಂಟೆಯೊಳಗೆ ವರದಿ ಕೊಡಬೇಕು, ಸರ್ವರ್ ಲಾಗ್‌ಗಳನ್ನು, ಅಂದರೆ ಸರ್ವರಿನಲ್ಲಿ ನಡೆದದ್ದರ ದಾಖಲೆಯನ್ನು, 180 ದಿನ ಇಟ್ಟಿರಬೇಕು. ಒಬ್ಬರೇ ಕೂತು ಡಿಸೈನೂ ಮಾಡಿ, ಕೋಡೂ ಬರೆದು, ಇದನ್ನೂ ಮಾಡುತ್ತೀರಾ? ಇನ್ನು ಲಾಭ. 2019ರಲ್ಲಿ, ಹೋಸ್ಟಿಂಗ್ ಖಾತೆಗಳನ್ನು ನಿಭಾಯಿಸುವ ತಂತ್ರಾಂಶವಾದ ಸಿಪ್ಯಾನೆಲ್‌ನವರು ಸರ್ವರಿಗೆ ಇಷ್ಟು ಎಂಬ ದರ ಬಿಟ್ಟು ಖಾತೆಗಳ ಎಣಿಕೆಯ ಮೇಲೆ ದರ ಹಾಕತೊಡಗಿದರು. ನೂರಾರು ಗಿರಾಕಿಗಳನ್ನು ಒಂದೇ ಸರ್ವರಿನಲ್ಲಿ ಕೂರಿಸಿದ್ದವರ ಲೆಕ್ಕವೆಲ್ಲ ತಲೆಕೆಳಗಾಯಿತು.

ದುಡ್ಡು ಬೇಡ ಎಂದು ನಾನು ಹೇಳುತ್ತಿಲ್ಲ. ವರ್ಷ ವರ್ಷ ಖಂಡಿತ ತೆಗೆದುಕೊಳ್ಳಿ, ನಿರ್ವಹಣೆಯ ಶುಲ್ಕ ಎಂದು ಕೊಟೇಶನ್ನಿನಲ್ಲೇ ಬರೆದು ತೆಗೆದುಕೊಳ್ಳಿ. ಪ್ಲಗಿನ್ ಅಪ್‌ಡೇಟ್ ಮಾಡುವುದು, ಬೇರೆ ಕಂಪನಿಯ ಜಾಗದಲ್ಲಿ ಬ್ಯಾಕಪ್ ಇಡುವುದು, ಬೆಲೆಪಟ್ಟಿ ಬದಲಿಸುವುದು ನಿಮ್ಮ ಕೆಲಸ. ಆ ದುಡ್ಡು ನಿಮ್ಮ ದುಡಿಮೆಯದು.

ಗಿರಾಕಿಗಳಿಗೆ ಇದೆಲ್ಲ ತಿಳಿಯುವುದಿಲ್ಲ ಸಾರ್ ಎಂದು ಹೇಳಬೇಡಿ, ಕೇಳಿ ಕೇಳಿ ಸಾಕಾಗಿದೆ. ಮೊಬೈಲಿನಲ್ಲಿ ಯುಪಿಐ ಮಾಡುವವರು, ಪಹಣಿಯನ್ನು ಆನ್‌ಲೈನಿನಲ್ಲಿ ತೆಗೆಯುವವರು ಅವರು. ಪಕ್ಕದಲ್ಲಿ ಕೂತು ಅವರ ಇಮೇಲ್, ಅವರ ಫೋನ್ ನಂಬರ್, ಅವರ ಕಾರ್ಡಿನಿಂದಲೇ ಖಾತೆ ತೆರೆಸಿ. ಓಟಿಪಿ ಅವರ ಫೋನಿಗೆ ಬರಲಿ. ನಿಮಗೆ ಕೆಲಸ ಮಾಡಲು ಬೇಕಾದಷ್ಟು ಪ್ರವೇಶ ಅವರೇ ಕೊಡಲಿ, ಬೇಡವಾದ ದಿನ ಅವರೇ ತೆಗೆಯಲಿ.

ಅಂಗಡಿ ಮಾಲೀಕರೇ, ನಿಮ್ಮ ಡೊಮೇನಿನ ರಿನ್ಯೂವಲ್ ಸಂದೇಶ ಯಾರ ಇಮೇಲಿಗೆ ಬರುತ್ತದೆ ಎಂದು ಇವತ್ತೇ ನೋಡಿ. ಅವಧಿ ಮೀರಿ ಡಾಟ್ ಕಾಮ್ ಹೆಸರೊಂದು ಅಳಿಸಿಹೋದರೆ, ಹೆಚ್ಚಿನ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು ಸಿಗುವುದು 30 ದಿನ. ಅದಾಗಿ 5 ದಿನಕ್ಕೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಸಂದೇಶ ನಿಮಗೆ ಬರುತ್ತಿಲ್ಲವೆಂದರೆ ಮಾಡಿಕೊಟ್ಟವರ ಮೇಲೆ ರೇಗಬೇಡಿ. ಮನೆಗೆ ಕರೆದು, ಕಾಫಿ ಕೊಟ್ಟು, ನಮ್ಮ ಹೆಸರಿಗೆ ವರ್ಗಾಯಿಸಿಕೊಡಪ್ಪಾ ಎನ್ನಿ. ಅವರು ಡೊಮೇನ್ ಬೇರೆಡೆಗೆ ಹೋಗದಂತೆ ಹಾಕಿದ ಲಾಕ್ ತೆಗೆದು ವರ್ಗಾವಣೆಯ ಕೋಡ್ ಕೊಟ್ಟರೆ ಕೆಲಸ ಮುಂದೆ ಸಾಗುತ್ತದೆ. ಅವಧಿ ಮುಗಿಯಲು ಇನ್ನೂ ಒಂದೆರಡು ತಿಂಗಳಿರುವಾಗಲೇ ಇದನ್ನು ಮಾಡಿಸಿಕೊಳ್ಳಿ. ನಮಸ್ಕಾರ.